ಈ ಮೈ ನನ್ನದು ಅಂತ ಯಾವಾಗ ಅನಿಸುತ್ತದೆ?

ಪ್ರಶ್ನೆ: ಮೇಡಂ, ನನಗೆ 23 ವರ್ಷ. ಊರು ಹಾಸನದ ಕಡೆ. ಕೆಲಸ ವೈಟ್‌ಫೀಲ್ಡ್‌ನಲ್ಲಿ, ಇರುವುದು ಹೂಡಿ ಹತ್ತಿರ ಒಂದು ಲೇಡೀಸ್ ಪಿಜಿಯಲ್ಲಿ. ಮನೆಯಲ್ಲಿ ಹುಡುಗಿ ಅಂತ ಬೆಳೆಸಿದರು. ಆದರೆ ನನಗೆ ನಾನು ಹುಡುಗಿ ಅಂತ ಅನಿಸುವುದಿಲ್ಲ, ಹುಡುಗ ಅಂತಲೂ ಅನಿಸುವುದಿಲ್ಲ. ನಾನ್‌ಬೈನರಿ ಅನ್ನುವ ಮಾತು ಕಿವಿಗೆ ಬಿದ್ದ ದಿನ ಸಮಾಧಾನ ಆಯಿತು. ಆದರೂ ಅನುಮಾನ ಹೋಗಿಲ್ಲ. ಕೆಲವು ದಿನ ಮೈ ಬಗ್ಗೆ ಏನೂ ತೊಂದರೆ ಇರುವುದಿಲ್ಲ. ಟೆರೇಸ್ ಮೇಲೆ ಒಬ್ಬಳೇ ಕೂತಾಗ ಹಾಯಾಗಿರುತ್ತೇನೆ. (ನೋಡಿ, ‘ಒಬ್ಬಳೇ’ ಅಂತ ಬರೆದಾಗಲೂ ಚುಚ್ಚುತ್ತದೆ.) ಇನ್ನು ಕೆಲವು ದಿನ ಕನ್ನಡಿ ನೋಡೋಕೂ ಆಗುವುದಿಲ್ಲ. ಮೆಟ್ರೋದಲ್ಲಿ ಹೆಂಗಸರ ಚೆಕಿಂಗ್ ಸಾಲಲ್ಲಿ ನಿಂತರೆ ಬೆವರುತ್ತೇನೆ. ಎದೆಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಆಫೀಸಿಗೆ ಹೋಗುತ್ತೇನೆ. ನಾನು ನಿಜವಾಗಿ ಹೀಗೇನಾ, ಇಲ್ಲ ಸುಮ್ನೆ ಅಂದುಕೊಂಡಿದ್ದೇನಾ? ಹಾರ್ಮೋನ್ ತೆಗೆದುಕೊಳ್ಳಲೇಬೇಕಾ? ಮುಂದಿನ ತಿಂಗಳು ಚಿಕ್ಕಪ್ಪನ ಮಗಳ ಮದುವೆ. ಸೀರೆ ಉಡಲೇಬೇಕು ಅಂತ ಅಮ್ಮ ಹಟ ಹಿಡಿದಿದ್ದಾರೆ. ಅಮ್ಮನಿಗೆ ಹೇಳಿಬಿಡಲಾ?

ಉತ್ತರ: ಮೊದಲು ಬ್ಯಾಂಡೇಜ್ ವಿಷಯ ಮುಗಿಸೋಣ. ಉಳಿದದ್ದಕ್ಕೆ ಸಮಯ ಇದೆ, ಇದಕ್ಕೆ ಇಲ್ಲ.

ಕ್ರೇಪ್ ಬ್ಯಾಂಡೇಜ್ ಇರುವುದು ಉಳುಕಿದ ಕಾಲಿಗೆ. ಎದೆಗೆ ಸುತ್ತಿದರೆ ಅದರ ಒತ್ತಡ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಓಡಾಡಿದಂತೆಲ್ಲ ಸರಿದು, ಸುರುಳಿಯಾಗಿ, ಒಂದೇ ಜಾಗದಲ್ಲಿ ಬಿಗಿಯುತ್ತದೆ. ಪಕ್ಕೆಲುಬು ನೋಯುತ್ತದೆ. ಉಸಿರನ್ನು ಪೂರ್ತಿ ಎಳೆದುಕೊಳ್ಳಲು ಆಗುವುದಿಲ್ಲ. ಬೆವರು ನಿಂತು ಚರ್ಮ ಕೆಂಪಾಗುತ್ತದೆ, ತುರಿಕೆ ಬರುತ್ತದೆ. ಕೆಲವರು ಸುತ್ತಿಕೊಳ್ಳುವ ಪ್ಯಾಕಿಂಗ್ ಟೇಪ್ ಅಂತೂ ಇನ್ನೂ ಕೆಟ್ಟದ್ದು. ದಯವಿಟ್ಟು ಬ್ಯಾಂಡೇಜನ್ನು ಇವತ್ತೇ ಬಿಡಿ, ಟೇಪಿನ ಕಡೆ ಹೋಗಲೇಬೇಡಿ.

ಬದಲಿಗೆ ಏನು ಮಾಡಬಹುದು? ಎದೆ ಸಪಾಟಾಗಿ ಕಾಣಲೆಂದೇ ಹೊಲಿದ ಬೈಂಡರ್ ಸಿಗುತ್ತದೆ. ಟೇಪ್ ಹಿಡಿದು ಎದೆಯ ಅಳತೆ ತೆಗೆದುಕೊಂಡು, ಸರಿಯಾದ ಸೈಜನ್ನೇ ಕೊಳ್ಳಿ. ಇನ್ನೂ ಸಪಾಟಾಗಲಿ ಅಂತ ಒಂದು ಸೈಜ್ ಚಿಕ್ಕದು ಬೇಡ. ದಿನಕ್ಕೆ ಎಂಟು ಗಂಟೆ ಮೀರಬಾರದು. ಅದನ್ನು ಹಾಕಿಕೊಂಡು ಮಲಗಬಾರದು, ವ್ಯಾಯಾಮ ಮಾಡಬಾರದು. ಶೀತ, ಕೆಮ್ಮು ಇದ್ದಾಗ ಹಾಕಲೇಬಾರದು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೀಗೆ ಎದೆ ಬಿಗಿಯುವ 1,800 ಜನರನ್ನು ಕೇಳಿದ್ದರು. ನೂರಕ್ಕೆ 97 ಜನ ಒಂದಲ್ಲ ಒಂದು ತೊಂದರೆ ಹೇಳಿಕೊಂಡರು: ಬೆನ್ನುನೋವು, ಎದೆನೋವು, ಸೆಕೆ, ಉಸಿರಿನ ಕಷ್ಟ. ಅಂಗಡಿಯ ಬೈಂಡರ್ ಹಾಕಿದವರೂ ಅದರಲ್ಲಿ ಇದ್ದರು. ವಾರದಲ್ಲಿ ಎಷ್ಟು ದಿನ ಬಿಗಿಯುತ್ತಾರೆ ಅನ್ನುವುದಕ್ಕೂ ತೊಂದರೆಗೂ ನೇರ ಸಂಬಂಧ ಕಂಡಿತು. ಅದಕ್ಕೇ ಹೇಳುತ್ತಿದ್ದೇನೆ, ವಾರಕ್ಕೆ ಎರಡು ದಿನವಾದರೂ ಮೈಗೆ ರಜೆ ಕೊಡಿ. ಆ ದಿನ ಒಂದು ಸ್ಪೋರ್ಟ್ಸ್ ಬ್ರಾ, ಮೇಲೆ ದಪ್ಪ ಬಟ್ಟೆಯ, ಎದೆಗೆ ಜೇಬಿರುವ ಶರ್ಟು ಸಾಕು. ಕೈ ಜೋಮು ಹಿಡಿದರೆ, ಉಸಿರು ಕಟ್ಟಿದಂತಾದರೆ ತಕ್ಷಣ ಬಿಚ್ಚಿ. ನೋವು ಮರುದಿನವೂ ಇದ್ದರೆ ಡಾಕ್ಟರಿಗೆ ತೋರಿಸಿ. ಯಾಕೆ ಬಿಗಿದೆ ಅಂತ ಅವರಿಗೆ ಕಥೆ ಹೇಳಬೇಕಿಲ್ಲ. ‘ಬಿಗಿಯಾದ ಒಳ ಉಡುಪು ಹಾಕುತ್ತೇನೆ’ ಅಂದರೆ ಸಾಕು.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇತ್ತು. ಬಿಗಿಯುವುದರಿಂದ ಮನಸ್ಸು ಹಗುರಾಗುತ್ತದೆ, ನಾಲ್ಕು ಜನರ ನಡುವೆ ಓಡಾಡುವ ಧೈರ್ಯ ಬರುತ್ತದೆ ಅಂತಲೂ ಅವರು ಹೇಳಿದ್ದರು. ಅದು ಪೂರ್ತಿ ನಿಜ. ಹಾಗಾಗಿ ‘ಬಿಗಿಯುವುದನ್ನೇ ಬಿಟ್ಟುಬಿಡಿ’ ಅಂತ ಒಂದೇ ಮಾತಲ್ಲಿ ಹೇಳಲು ನನಗೆ ಮನಸ್ಸಿಲ್ಲ. ನಿಮ್ಮ ಪಕ್ಕೆಲುಬೂ ಉಳಿಯಬೇಕು, ನಿಮ್ಮ ಧೈರ್ಯವೂ ಉಳಿಯಬೇಕು.

ಈಗ ಅನುಮಾನದ ಮಾತು. ‘ನಿಜವಾಗಿ ಹೀಗೇನಾ?’ ಅನ್ನುವ ಪ್ರಶ್ನೆಯನ್ನು ನನ್ನ ಬಳಿ ಬರುವ ಬಹುತೇಕ ನಾನ್‌ಬೈನರಿ ಮಕ್ಕಳು, ಹುಡುಗ ಅಂತ ಬೆಳೆದವರಿರಲಿ, ಹುಡುಗಿ ಅಂತ ಬೆಳೆದವರಿರಲಿ, ಕೇಳಿಯೇ ಕೇಳುತ್ತಾರೆ. ಅವರ ಮನಸ್ಸಲ್ಲಿ ಒಂದು ಕಥೆ ಕೂತಿರುತ್ತದೆ. ಮೂರನೇ ವಯಸ್ಸಿಗೇ ಗೊತ್ತಿರಬೇಕು, ಮೈಯನ್ನು ಪ್ರತಿ ಕ್ಷಣ ದ್ವೇಷಿಸಬೇಕು, ಆಗ ಮಾತ್ರ ಅದು ನಿಜ ಅಂತ. ಆ ಕಥೆ ಕೆಲವರದು. ಎಲ್ಲರದೂ ಅಲ್ಲ. ಹೈಸ್ಕೂಲಿನಲ್ಲಿ ಆರಾಮಾಗಿ ಲಂಗ ದಾವಣಿ ಹಾಕಿದವರು ಇದ್ದಾರೆ. ಪಿಯುಸಿ ದಾಟಿ, ಊರು ಬಿಟ್ಟು, ಮೊದಲ ಸಲ ಒಂದು ಕೋಣೆಯ ಬಾಗಿಲು ಹಾಕಿಕೊಳ್ಳಲು ಆದಾಗ ಮಾತ್ರ ತಮ್ಮ ಮನಸ್ಸು ಕೇಳಿಸಿದವರು ಇದ್ದಾರೆ. ಬೆಂಗಳೂರಿಗೆ ಬಂದ ಮೇಲೆಯೇ ‘ಇದು ಶುರುವಾಯಿತು’ ಅಂತ ಮನೆಯವರು ದೂರುವುದು ಇದಕ್ಕೇ. ಶುರುವಾದದ್ದು ಇಲ್ಲಿಯೇ ಆಗಿರಬೇಕು ಅಂತಿಲ್ಲ. ಕೇಳಿಸಿಕೊಳ್ಳಲು ಪುರುಸೊತ್ತು ಸಿಕ್ಕಿದ್ದು ಇಲ್ಲಿ.

ಮೈ ಬಗ್ಗೆ ಕೆಲವು ದಿನ ತೊಂದರೆ ಇಲ್ಲದಿರುವುದು ನೀವು ಸುಳ್ಳು ಅನ್ನುವುದಕ್ಕೆ ಸಾಕ್ಷಿ ಅಲ್ಲ. ಮೈಯ ಬಗೆಗಿನ ಈ ಸಂಕಟಕ್ಕೆ ನಮ್ಮಲ್ಲಿ ಡಿಸ್ಫೋರಿಯಾ ಅನ್ನುತ್ತೇವೆ. ಅದು ಏರುತ್ತದೆ, ಇಳಿಯುತ್ತದೆ. ಕೆಲವು ನಾನ್‌ಬೈನರಿ ಜನರಿಗೆ ಅದು ತುಂಬಾ ಕಡಿಮೆ, ಕೆಲವರಿಗೆ ಇರುವುದೇ ಇಲ್ಲ. ವೈದ್ಯಕೀಯದ ನೋಟವೂ ಬದಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ, ಹುಟ್ಟಿದಾಗ ಹೇಳಿದ ಲಿಂಗ ತನಗೆ ಹೊಂದದಿರುವ ವಿಷಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ತೆಗೆದು, ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿದರು. ನಮ್ಮ ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ಕೊಟ್ಟ ನಾಲ್ಸಾ ತೀರ್ಪಿನಲ್ಲಿ, ತಾನು ಯಾರು ಅಂತ ಹೇಳುವುದು ಆ ವ್ಯಕ್ತಿಗೇ ಬಿಟ್ಟದ್ದು ಅಂದಿತು. ಅದಕ್ಕೆ ಆಪರೇಷನ್ ಆಗಿರಬೇಕು ಅಂತ ಒತ್ತಾಯ ಮಾಡುವುದು ಅನೈತಿಕ, ಕಾನೂನಿಗೆ ವಿರುದ್ಧ ಅಂತಲೂ ಹೇಳಿತು. ಕಾಗದಪತ್ರದ ನಿಯಮಗಳು ಆಮೇಲೆ ಬದಲಾಗುತ್ತಾ ಬಂದಿವೆ. ಗುರುತಿನ ಚೀಟಿ ಬದಲಿಸುವ ಮನಸ್ಸಿದ್ದರೆ ಅದನ್ನು ಬಲ್ಲ ವಕೀಲರನ್ನೇ ಕೇಳಿ. ನಿಮ್ಮ ಪ್ರಶ್ನೆಗೆ ಸದ್ಯ ಯಾವ ಚೀಟಿಯೂ ಬೇಕಿಲ್ಲ.

ಮುಂದೆ ಒಂದು ದಿನ ಇನ್ನೊಂದು ಪದ ನಿಮಗೆ ಜಾಸ್ತಿ ಹೊಂದಿತು ಅನಿಸಬಹುದು. ಆಗಲಿ. ಇವತ್ತಿನ ಪದದಿಂದ ಇವತ್ತು ನಿಮಗೆ ಉಸಿರಾಡಲು ಆಗುತ್ತಿದೆ ಅಲ್ವಾ? ಅದನ್ನು ಇಟ್ಟುಕೊಳ್ಳಿ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯ ಅನಿಸಿದ್ದು ಟೆರೇಸ್ ಮತ್ತು ಮೆಟ್ರೋ. ಮೈ ಎರಡು ಕಡೆಯೂ ಅದೇ. ಟೆರೇಸ್ ಮೇಲೆ ಹಾಯಾಗಿದ್ದ ಮೈ ಚೆಕಿಂಗ್ ಸಾಲಿನಲ್ಲಿ ಬೆವರುತ್ತದೆ. ಅಂದರೆ ಆ ಹೊತ್ತಿನ ಸಂಕಟ ಮೈಯಿಂದ ಹುಟ್ಟಿದ್ದಲ್ಲ. ಬೇರೆಯವರು ಆ ಮೈಯನ್ನು ನೋಡಿ ‘ಇದು ಹೆಂಗಸು’ ಅಂತ ತೀರ್ಮಾನ ಮಾಡುತ್ತಾರಲ್ಲ, ಅದರಿಂದ ಹುಟ್ಟಿದ್ದು. ಬೆಂಗಳೂರಿನಲ್ಲಿ ಈ ತೀರ್ಮಾನ ದಿನಕ್ಕೆ ಎಷ್ಟು ಸಲ ಆಗುತ್ತದೆ ನೋಡಿ. ಮೆಟ್ರೋ ಸಾಲು, ಬಿಎಂಟಿಸಿಯಲ್ಲಿ ಮುಂದಿನ ಸೀಟು, ಲೇಡೀಸ್ ಪಿಜಿ, ಜೆಂಟ್ಸ್ ಪಿಜಿ, ಆಫೀಸಿನ ಟಾಯ್ಲೆಟ್ ಬಾಗಿಲ ಮೇಲಿನ ಚಿತ್ರ, ಕ್ಯಾಬ್ ಡ್ರೈವರ್ ‘ಎಲ್ಲಿದ್ದೀರಾ ಮೇಡಂ’ ಅನ್ನುವುದು. ಇಷ್ಟನ್ನೂ ಸಂಜೆವರೆಗೆ ಹೊತ್ತುಕೊಂಡು ಬಂದು ಪಿಜಿಯ ಕನ್ನಡಿ ಮುಂದೆ ನಿಂತರೆ, ಸಿಟ್ಟು ಬರುವುದು ಕೈಗೆ ಸಿಗುವ ಒಂದೇ ವಸ್ತುವಿನ ಮೇಲೆ. ಅದು ನಿಮ್ಮ ಮೈ.

ಆದರೆ ಎಲ್ಲ ಸಂಕಟವೂ ಹೀಗೆ ಹೊರಗಿನದಲ್ಲ. ಯಾರೂ ಇಲ್ಲದಾಗಲೂ, ಬಚ್ಚಲಲ್ಲಿ ನೀರು ಹಾಕಿಕೊಳ್ಳುವಾಗಲೂ ಎದೆ ತನ್ನದಲ್ಲ ಅನಿಸುವವರಿದ್ದಾರೆ. ಮುಟ್ಟಿನ ದಿನಗಳನ್ನು ಸಹಿಸಲಾಗದವರಿದ್ದಾರೆ. ಫೋನಿನಲ್ಲಿ ತನ್ನದೇ ದನಿ ಕೇಳಿ ಬೆಚ್ಚುವವರಿದ್ದಾರೆ. ಅದು ಮೈಯದೇ ಸಂಕಟ. ಮೂರನೆಯದೂ ಒಂದಿದೆ. ಕಪ್ಪು, ದಪ್ಪ, ಮೊಡವೆ, ‘ಇಷ್ಟು ತಿನ್ನಬೇಡ’ ಅಂತ ಹೆಣ್ಣುಮಕ್ಕಳ ಮೇಲೆ ಸುರಿಯುವ ಮಾತುಗಳಿಂದ ಬಂದ ನಾಚಿಕೆ. ಅದಕ್ಕೂ ಲಿಂಗಕ್ಕೂ ನೇರ ಸಂಬಂಧ ಇಲ್ಲ. ಆದರೆ ಒಳಗೆ ಎಲ್ಲವೂ ಕಲೆತು ಒಂದೇ ನೋವಾಗಿ ಕಾಣುತ್ತದೆ.

ಇವನ್ನು ಬಿಡಿಸಿ ನೋಡುವುದರಲ್ಲಿಯೇ ಅರ್ಧ ಕೆಲಸ ಇದೆ. ಎರಡು ವಾರ ಫೋನಿನಲ್ಲಿ ಒಂದು ಸಾಲು ಬರೆದಿಡಿ. ಸಂಕಟ ಬಂದಾಗ ಎಷ್ಟು ಹೊತ್ತಾಗಿತ್ತು, ಎಲ್ಲಿದ್ದಿರಿ, ಪಕ್ಕದಲ್ಲಿ ಯಾರಿದ್ದರು, ಏನು ಹಾಕಿಕೊಂಡಿದ್ದಿರಿ. ಹಾಯಾಗಿದ್ದ ಹೊತ್ತನ್ನೂ ಬರೆಯಿರಿ. ಇದನ್ನು ಜನ ಮರೆಯುತ್ತಾರೆ, ನನ್ನ ಅನುಭವದಲ್ಲಿ ಇದೇ ಜಾಸ್ತಿ ಉಪಯೋಗಕ್ಕೆ ಬರುವುದು. ಒಬ್ಬರಿಗೆ ಕೂದಲು ಕತ್ತರಿಸಿದ ದಿನ ಕುತ್ತಿಗೆಗೆ ಗಾಳಿ ತಾಗಿದ್ದು ಅಷ್ಟು ಹಿತವಾಗಿತ್ತು. ಇನ್ನೊಬ್ಬರಿಗೆ ಗಡ್ಡದ ಜೊತೆಗೇ ಮೂಗುತಿ ಹಾಕಿಕೊಂಡಾಗ ‘ಹಾಂ, ಇದು ನಾನು’ ಅನಿಸಿತು. ಏನು ಬೇಡ ಅಂತ ಮಾತ್ರ ಹುಡುಕುತ್ತಾ ಹೋದರೆ ಮೈಯಲ್ಲಿ ಉಳಿಯುವುದೇ ಕಡಿಮೆ. ಏನು ಹಿತ ಅಂತ ಹುಡುಕಿದರೆ ದಾರಿ ಸಿಗುತ್ತದೆ.

ಹೊರಗಿನ ಸಂಕಟಕ್ಕೆ ಹೊರಗೇ ಮದ್ದು. ಬಟ್ಟೆಯಿಂದ ಶುರು ಮಾಡಿ. ರೆಡಿಮೇಡ್ ಗಂಡಸರ ಶರ್ಟು ನಿಮಗೆ ಭುಜದಲ್ಲಿ ಜೋತು ಬೀಳುತ್ತದೆ, ಅಣ್ಣನ ಅಂಗಿ ಹಾಕಿಕೊಂಡಂತೆ ಕಾಣುತ್ತದೆ, ಮನಸ್ಸು ಇನ್ನೂ ಕುಗ್ಗುತ್ತದೆ. ಚಿಕ್ಕಪೇಟೆಯಲ್ಲೋ ಜಯನಗರ ನಾಲ್ಕನೇ ಬ್ಲಾಕಿನಲ್ಲೋ ಸ್ವಲ್ಪ ದಪ್ಪನೆಯ ಕಾಟನ್ ಬಟ್ಟೆ ತೆಗೆದುಕೊಂಡು ಟೈಲರಿಗೆ ಕೊಡಿ. ಭುಜದ ಹೊಲಿಗೆ ನಿಮ್ಮ ಭುಜದ ಮೂಳೆಯ ಮೇಲೇ ಕೂರಬೇಕು. ಎದೆಗೆ ಡಾರ್ಟ್ (ಉಬ್ಬು ಬರಲೆಂದು ಹಾಕುವ ಮಡಿಕೆ ಹೊಲಿಗೆ) ಬೇಡ, ಸೊಂಟದ ಹತ್ತಿರ ಒಳಗೆ ಹಿಡಿಯುವುದು ಬೇಡ, ನೇರ ಕಟ್ ಇರಲಿ ಅಂತ ಹೇಳಿ. ಅಳತೆ ಕೊಡುವುದು ಮುಜುಗರವಾದರೆ ಹೊಂದುವ ಒಂದು ಶರ್ಟನ್ನೇ ಅಳತೆಗೆ ಕೊಟ್ಟು ಬನ್ನಿ. ಕೂದಲಿಗೆ ಯುನಿಸೆಕ್ಸ್ ಸಲೂನ್‌ಗೆ ಹೋಗಿ, ಬೇಕಾದ ಕಟ್‌ನ ಫೋಟೋ ತೋರಿಸಿ. ಇವು ಸಣ್ಣ ವಿಷಯ ಅನಿಸಬಹುದು. ಇವೆಲ್ಲ ವಾಪಸ್ ಪಡೆಯಬಹುದಾದ ಬದಲಾವಣೆಗಳು. ಹೆದರದೆ ಮಾಡಿ ನೋಡಬಹುದು, ಬೇಡವಾದರೆ ಬಿಡಬಹುದು.

ಒಳಗಿನ ಸಂಕಟಕ್ಕೆ ಬೇರೆ ರೀತಿಯ ಆರೈಕೆ ಬೇಕು. ‘ನಿನ್ನ ಮೈಯನ್ನು ಪ್ರೀತಿಸು’ ಅಂತ ಎಲ್ಲ ಕಡೆ ಹೇಳುತ್ತಾರೆ. ಆ ಮಾತನ್ನು ನಾನು ಹೇಳುವುದಿಲ್ಲ. ಪ್ರೀತಿಸಲು ಆಗದ ದಿನ ಅದು ಇನ್ನೊಂದು ಸೋಲಾಗಿ ಕೂರುತ್ತದೆ. ಅದರ ಜೊತೆ ಜಗಳವಿಲ್ಲದೆ ಒಂದು ದಿನ ಕಳೆಯಲು ಆದರೆ ಸಾಕು. ಮೈಯನ್ನು ಹೊರಗಿನಿಂದ ನೋಡುವ ಹೊತ್ತು ಕಡಿಮೆ ಮಾಡಿ, ಒಳಗಿನಿಂದ ಅನುಭವಿಸುವ ಹೊತ್ತು ಜಾಸ್ತಿ ಮಾಡಿ. ಕಬ್ಬನ್ ಪಾರ್ಕಿನಲ್ಲಿ ಬೆಳಿಗ್ಗೆ ಜೋರಾಗಿ ನಡೆಯಿರಿ. ಬ್ಯಾಡ್ಮಿಂಟನ್ ಆಡಿ, ಭಾರ ಎತ್ತಿ, ಬಾಗಿಲು ಹಾಕಿಕೊಂಡು ಕುಣಿಯಿರಿ. ಕಾಲಿಗೆ ಎಷ್ಟು ಶಕ್ತಿ ಇದೆ, ಉಸಿರು ಎಷ್ಟು ಆಳಕ್ಕೆ ಹೋಗುತ್ತದೆ ಅನ್ನುವುದಕ್ಕೆ ಗಂಡು ಹೆಣ್ಣು ಅನ್ನುವುದು ಬೇಕಾಗುವುದಿಲ್ಲ. ಸ್ನಾನ ಕಷ್ಟವಾದ ದಿನ ದೊಡ್ಡ ಲೈಟು ಆರಿಸಿ ಸ್ನಾನ ಮಾಡಿ. ಸ್ನಾನ ತಪ್ಪಿಸಬೇಡಿ, ಊಟ ತಪ್ಪಿಸಬೇಡಿ. ಎದೆ, ಸೊಂಟ ಕರಗಲಿ ಅಂತ, ಮುಟ್ಟು ನಿಲ್ಲಲಿ ಅಂತ ಊಟ ಬಿಡುವವರನ್ನು ನೋಡಿದ್ದೇನೆ. ಅದು ಬೇಗ ಕಾಯಿಲೆಯಾಗಿ ಬೆಳೆಯುತ್ತದೆ. ನಿಮಗೂ ಆ ಯೋಚನೆ ಬಂದಿದ್ದರೆ ತಡಮಾಡದೆ ಯಾರಿಗಾದರೂ ಹೇಳಿ.

ಮುಟ್ಟು ತೀರಾ ಕಾಡಿದರೆ ಸ್ತ್ರೀರೋಗ ತಜ್ಞರ ಬಳಿ ದಾರಿಗಳಿವೆ. ಮಧ್ಯೆ ಬಿಡುವು ಕೊಡದೆ ತೆಗೆದುಕೊಳ್ಳುವ ಮಾತ್ರೆಗಳಿವೆ. ಗರ್ಭಕೋಶದಲ್ಲಿ ಇಡುವ ಹಾರ್ಮೋನ್ ಸಾಧನವೂ ಇದೆ. ಇವುಗಳಿಂದ ರಕ್ತಸ್ರಾವ ತುಂಬಾ ಕಡಿಮೆಯಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಇವು ಯಾರಿಗೆ ಹೊಂದುತ್ತವೆ ಅಂತ ಪರೀಕ್ಷಿಸಿಯೇ ಹೇಳಬೇಕು. ದನಿಯ ವಿಷಯಕ್ಕೆ ಸ್ಪೀಚ್ ಥೆರಪಿಸ್ಟ್ ಇದ್ದಾರೆ. ಹಾರ್ಮೋನ್ ಇಲ್ಲದೆಯೂ ದನಿಯ ಏರಿಳಿತವನ್ನು, ಅದು ಗಂಟಲಲ್ಲಿ ಎಲ್ಲಿ ಮೊಳಗುತ್ತದೆ ಅನ್ನುವುದನ್ನು ಅಭ್ಯಾಸದಿಂದ ಬದಲಿಸಬಹುದು.

ಹಾರ್ಮೋನ್ ಬಗ್ಗೆ: ತೆಗೆದುಕೊಳ್ಳಲೇಬೇಕು ಅಂತ ಇಲ್ಲ. ತೆಗೆದುಕೊಳ್ಳಬಾರದು ಅಂತಲೂ ಇಲ್ಲ. ಟ್ರಾನ್ಸ್ ಜನರ ಆರೋಗ್ಯ ಸೇವೆಗೆ ಜಗತ್ತಿನ ವೈದ್ಯರು ನೋಡುವ ಡಬ್ಲ್ಯುಪಾತ್ ಮಾರ್ಗಸೂಚಿಯ 8ನೇ ಆವೃತ್ತಿ 2022ರಲ್ಲಿ ಬಂತು. ಅದರಲ್ಲಿ ನಾನ್‌ಬೈನರಿ ಜನರಿಗೆ ಬೇರೆಯೇ ಅಧ್ಯಾಯ ಇದೆ. ಎಲ್ಲರಿಗೂ ಒಂದೇ ದಾರಿ ಅಲ್ಲ, ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಬೇಡ ಅನ್ನುವುದನ್ನು ಒಪ್ಪಿಕೊಂಡೇ ಅದು ಮುಂದಕ್ಕೆ ಹೋಗುತ್ತದೆ. ನಿಮಗೆ ತಿಳಿದಿರಬೇಕಾದದ್ದು ಇಷ್ಟು. ಗಂಡಸರಲ್ಲಿ ಹೆಚ್ಚಿರುವ ಹಾರ್ಮೋನ್ ಟೆಸ್ಟೊಸ್ಟಿರೋನ್ ತೆಗೆದುಕೊಂಡರೆ ‘ದನಿ ಮಾತ್ರ ಬದಲಾಗಲಿ, ಗಡ್ಡ ಬೇಡ’ ಅಂತ ಆರಿಸಿಕೊಳ್ಳಲು ಆಗುವುದಿಲ್ಲ. ಡೋಸ್ ಕಡಿಮೆ ಮಾಡಿದರೆ ಬದಲಾವಣೆ ನಿಧಾನವಾಗುತ್ತದೆ ಅಷ್ಟೆ. ಇಳಿದ ದನಿ ನಿಲ್ಲಿಸಿದ ಮೇಲೂ ಹಿಂದಿನಂತೆ ಆಗುವುದಿಲ್ಲ. ಮುಟ್ಟು ನಿಂತರೂ ಗರ್ಭ ನಿಲ್ಲುವ ಸಾಧ್ಯತೆ ಇರುತ್ತದೆ. ಮುಂದೆ ಮಕ್ಕಳು ಬೇಕೆನಿಸಬಹುದು ಅನ್ನುವವರು ಮೊದಲೇ ಅದರ ಮಾತಾಡಬೇಕು. ರಕ್ತಪರೀಕ್ಷೆ ಆಗಾಗ ಮಾಡಿಸಬೇಕು. ಜಿಮ್‌ನಲ್ಲಿ ಯಾರೋ ಕೊಡುವ ಇಂಜೆಕ್ಷನ್ ಬೇಡವೇ ಬೇಡ, ಹಾರ್ಮೋನ್ ತಜ್ಞರಾದ ಎಂಡೋಕ್ರೈನಾಲಜಿಸ್ಟ್ ಬಳಿಯೇ ಹೋಗಿ. ನಿಮ್ಮ ಪತ್ರದಲ್ಲಿ ‘ಬೇಕಾ’ ಅಂತ ಇಲ್ಲ, ‘ತೆಗೆದುಕೊಳ್ಳಲೇಬೇಕಾ’ ಅಂತ ಇದೆ. ಅದನ್ನು ಓದಿದರೆ ಸದ್ಯಕ್ಕೆ ನಿಮಗೆ ಅವಸರ ಇಲ್ಲ ಅನಿಸುತ್ತದೆ. ಬಟ್ಟೆ, ಕೂದಲು, ಜನ, ಈ ಮೂರರಲ್ಲಿ ಕೆಲವು ತಿಂಗಳು ಕಳೆಯಿರಿ. ಆಮೇಲೂ ಮೈಯದೇ ಸಂಕಟ ಉಳಿದರೆ ಆ ಬಾಗಿಲು ಮುಚ್ಚಿರುವುದಿಲ್ಲ.

ಜನ ಅಂದೆ. ತನ್ನನ್ನು ತಾನು ಒಪ್ಪಿಕೊಳ್ಳುವುದು ಒಬ್ಬರೇ ಕೋಣೆಯಲ್ಲಿ ಕೂತು ಮಾಡುವ ಕೆಲಸ ಅಂತ ನಾನು ನಂಬುವುದಿಲ್ಲ. ನಿಮ್ಮನ್ನು ಸರಿಯಾಗಿ ನೋಡುವ ಎರಡು ಕಣ್ಣಾದರೂ ಬೇಕು. ಬೆಂಗಳೂರಿನಲ್ಲಿ ಅದಕ್ಕೆ ಹಳೆಯ ನೆಲೆ ಇದೆ. ಗುಡ್ ಆಸ್ ಯೂ ಅನ್ನುವ ಗುಂಪು 1994ರಿಂದ ಇದೆ. ‘ಸಂಗಮ’ ಸಂಸ್ಥೆ 1999ರಲ್ಲಿ ಶುರುವಾಯಿತು. ಆಮೇಲೆ ‘ಜೀವ’, ‘ಒಂದೆಡೆ’ ಅನ್ನುವ ಸಂಸ್ಥೆಗಳು ಬಂದವು. ನಮ್ಮ ಪ್ರೈಡ್ ಮೆರವಣಿಗೆ 2008ರಿಂದ ನಡೆಯುತ್ತಿದೆ. ಚರ್ಚ್ ಸ್ಟ್ರೀಟಿನ ಕೆಫೆಗಳಲ್ಲಿ ಸೇರುವ ಗುಂಪುಗಳಲ್ಲಿ ಇಂಗ್ಲಿಷೇ ಓಡುತ್ತದೆ. ಹಾಸನದಿಂದ ಬಂದವರಿಗೆ ‘ಇವರ ಪೈಕಿ ನಾನಲ್ಲ’ ಅನಿಸಿ ವಾಪಸ್ ಬರುವುದುಂಟು. ಹಾಗಾದರೆ ಎದೆಗುಂದಬೇಡಿ. ಸಂಗಮ, ಜೀವದಂಥ ಕಡೆ ಕನ್ನಡದಲ್ಲೇ ಬದುಕು ಕಟ್ಟಿಕೊಂಡ ಹಿರಿಯರು ಸಿಗುತ್ತಾರೆ. ನಮ್ಮ ನೆಲದಲ್ಲಿ ಜೋಗಪ್ಪಗಳಿದ್ದಾರೆ. ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, 2021ರಲ್ಲಿ ಪದ್ಮಶ್ರೀ ಪಡೆದವರು. ಅವರ ಬದುಕು, ಅವರ ಭಕ್ತಿ ಬೇರೆ, ನಿಮ್ಮದು ಬೇರೆ. ಅದನ್ನು ಎರವಲು ತರಬೇಕಿಲ್ಲ. ಆದರೆ ಗಂಡು ಹೆಣ್ಣು ಎರಡೇ ಡಬ್ಬಿಯಲ್ಲಿ ಹಿಡಿಸದ ಜನ ಈ ಭಾಷೆಯಲ್ಲಿ ಯಾವತ್ತೂ ಇದ್ದರು ಅನ್ನುವುದು ತಿಳಿದಿರಲಿ. ಇದು ಯಾರೋ ವಿದೇಶದಿಂದ ತಂದು ನಿಮ್ಮ ತಲೆಗೆ ತುಂಬಿದ್ದಲ್ಲ.

ಆಪ್ತಸಮಾಲೋಚಕರ ಬಳಿ ಹೋಗುವುದಾದರೆ ಫೋನಿನಲ್ಲೇ ಕೇಳಿ: ‘ನಾನ್‌ಬೈನರಿ ಜನರ ಜೊತೆ ಕೆಲಸ ಮಾಡಿದ್ದೀರಾ?’ ಯಾರಾದರೂ ‘ಸರಿ ಮಾಡಿ ಕಳಿಸುತ್ತೇನೆ’ ಅಂದರೆ ಎದ್ದು ಬನ್ನಿ. ಹಾಗೆ ‘ಬದಲಿಸುವ’ ಚಿಕಿತ್ಸೆ ವೈದ್ಯರ ವೃತ್ತಿಯಲ್ಲಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ರಾತ್ರಿ ಹೊತ್ತು ಬದುಕೇ ಬೇಡ ಅನಿಸಿದರೆ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮದುವೆ. ಅಮ್ಮನಿಗೆ ಎಲ್ಲವನ್ನೂ ಹೇಳಲು ಮದುವೆಯ ಹಿಂದಿನ ವಾರ ಒಳ್ಳೆಯ ಸಮಯ ಅಲ್ಲ. ಮನೆ ತುಂಬಾ ನೆಂಟರು, ಅಮ್ಮನಿಗೆ ಅಳಲೂ ಜಾಗ ಇರುವುದಿಲ್ಲ. ಈಗ ಬಟ್ಟೆಯ ಮಾತಷ್ಟೇ ಆಡಿ. ‘ಅಮ್ಮಾ, ಸೀರೆ ಉಟ್ಟರೆ ನನಗೆ ಉಸಿರು ಕಟ್ಟಿದ ಹಾಗಾಗುತ್ತದೆ. ರೇಷ್ಮೆ ಕುರ್ತಾ ಹೊಲಿಸಿಕೊಳ್ಳುತ್ತೇನೆ, ಚೆನ್ನಾಗಿರುತ್ತದೆ, ನೀನೇ ಬಣ್ಣ ಆರಿಸು’ ಅನ್ನಿ. ಬಣ್ಣ ಅಮ್ಮನ ಕೈಯಲ್ಲಿದ್ದರೆ ಹಟ ಸ್ವಲ್ಪ ಸಡಿಲವಾಗುತ್ತದೆ. ಒಪ್ಪದಿದ್ದರೆ ಮುಹೂರ್ತದ ಹೊತ್ತಿಗೆ ಮಾತ್ರ ಸೀರೆ, ಆಮೇಲೆ ಕುರ್ತಾ ಅಂತ ಮಾತಾಡಿಕೊಳ್ಳಿ. ಅಷ್ಟೂ ಹೊತ್ತು ಆಗುವುದೇ ಇಲ್ಲ ಅನಿಸಿದರೆ ಊಟದ ಹಾಲ್, ನೆಂಟರನ್ನು ಬಸ್ ಸ್ಟ್ಯಾಂಡಿನಿಂದ ಕರೆತರುವ ಓಡಾಟ, ಇಂಥ ಕೆಲಸ ವಹಿಸಿಕೊಳ್ಳಿ. ಓಡಾಡುವವರ ಬಟ್ಟೆ ಬಗ್ಗೆ ಯಾರೂ ಅಷ್ಟು ಕೇಳುವುದಿಲ್ಲ. ಮದುಮಗಳೇ ನಿಮಗೆ ಹತ್ತಿರವಾಗಿದ್ದರೆ ಅವಳಿಗೆ ಮೊದಲು ಹೇಳಿ. ಮದುಮಗಳು ‘ಕುರ್ತಾ ಹಾಕ್ಕೊಂಡು ಬರಲಿ ಬಿಡಿ ದೊಡ್ಡಮ್ಮಾ’ ಅಂದರೆ ಅದಕ್ಕೆ ಬೆಲೆ ಇರುತ್ತದೆ.

ಪೂರ್ತಿ ವಿಷಯ ಹೇಳುವ ಮೊದಲು ನಿಮ್ಮ ಕಾಲ ಕೆಳಗಿನ ನೆಲ ಗಟ್ಟಿ ಇದೆಯಾ ನೋಡಿಕೊಳ್ಳಿ. ಸಂಬಳ ನಿಮ್ಮದೇ ಖಾತೆಗೆ ಬರುತ್ತಿರಲಿ. ಆಧಾರ್, ಮಾರ್ಕ್ಸ್ ಕಾರ್ಡ್ ನಿಮ್ಮ ಬಳಿ ಇರಲಿ. ಜಗಳವಾದರೆ ಆ ರಾತ್ರಿ ಫೋನ್ ಮಾಡಲು ಒಬ್ಬರಿರಲಿ. ಅಮ್ಮ ಮೊದಲು ಕೇಳುವುದು ನಿಮ್ಮ ಮೈ ಬಗ್ಗೆ ಅಲ್ಲ. ‘ಹಾಗಾದರೆ ಮದುವೆ?’ ಅಂತ ಕೇಳುತ್ತಾರೆ. ‘ಊರಲ್ಲಿ ಏನಂತಾರೆ?’ ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ನಿಮ್ಮ ಬಳಿ ಇಲ್ಲದಿದ್ದರೂ ಪರವಾಗಿಲ್ಲ, ‘ಗೊತ್ತಿಲ್ಲ ಅಮ್ಮಾ’ ಅನ್ನಬಹುದು. ನಿಮಗೇ ಇಷ್ಟು ವರ್ಷ ಹಿಡಿದ ವಿಷಯ, ಅವರಿಗೆ ಒಂದು ಸಂಜೆ ಸಾಲುವುದಿಲ್ಲ. ಈ ಸಲ ಅಮ್ಮ ‘ಹೋಗಲಿ, ಕುರ್ತಾನೇ ಹಾಕ್ಕೋ’ ಅಂದರೆ ಆ ದಿನದ ಮಾತು ಅಲ್ಲಿಗೇ ನಿಲ್ಲಿಸಿ. ಉಳಿದದ್ದನ್ನು ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ, ನೆಂಟರಿಲ್ಲದ ಹೊತ್ತು ನೋಡಿ ಹೇಳಿ.